ಟೀಚರಮ್ಮನ ನಾಲ್ಕು ತಪ್ಪುಗಳು

"ನಾಲಿಗೆ ಚಾಚಿ," ಎಂದರು ಡಾಕ್ಟರು.

ಟೀಚರಮ್ಮ ಚಾಚಿದರು. ಹಣಕಾಸಿನ ಬುದ್ಧಿಗೂ ನಾಲಿಗೆಗೂ ಏನು ಸಂಬಂಧವೆಂದು ಕೇಳಲಿಲ್ಲ. ಕೇಳುವ ಹೊತ್ತಲ್ಲ ಅದು. ಮೂಲೆಯ ಕುರ್ಚಿಯಲ್ಲಿ ನ್ಯಾಯಾಲಯದ ಅಧಿಕಾರಿಣಿ ಕಡತ ಬಿಚ್ಚಿಕೊಂಡು ಕುಳಿತಿದ್ದರು. ಬಾಗಿಲಿಗೆ ಒರಗಿ ಮೈದುನ ನಿಂತಿದ್ದ.

ಅರ್ಜಿ ಮೈದುನನದು. ಅಣ್ಣನ ಮನೆಗೆ ಮುಪ್ಪಿನ ಮರೆವು ಹೊಕ್ಕಿದೆ, ಇನ್ನು ಬ್ಯಾಂಕಿನ ಖಾತೆಯೂ ಮನೆಯ ಪತ್ರವೂ ತನ್ನ ವಶದಲ್ಲಿರಲಿ ಎಂದು ಅವನು ಕೋರಿದ್ದ. ಮನೆಯನ್ನು ಆಗಲೇ ಒಬ್ಬ ದಲ್ಲಾಳಿಗೆ ತೋರಿಸಿಯೂ ಆಗಿತ್ತು. ಇಂದು ಸೋತರೆ ಸೂರು ಹೋದಂತೆಯೇ.

ಆದರೆ ಕಾನೂನು ಅಷ್ಟು ಅಗ್ಗದ್ದಲ್ಲ. ಬುದ್ಧಿ ಇಲ್ಲವೆಂದು ರುಜುವಾತಾಗುವವರೆಗೆ ಇದೆಯೆಂದೇ ಅದರ ಲೆಕ್ಕ. ಪರೀಕ್ಷೆಯೂ ಬೆದರಿಸಿ ನಡೆಸುವಂಥದ್ದಲ್ಲ. ಮನಸ್ಸಿಗೆ ಹಿತವಾದ ಜಾಗದಲ್ಲಿ, ತಲೆ ತಿಳಿಯಾಗಿರುವ ಹೊತ್ತಿನಲ್ಲಿ ನಡೆಯಬೇಕು. ಟೀಚರಮ್ಮ ಆ ನಿಯಮವನ್ನು ಓದಿಕೊಂಡು, ಬೆಳಗಿನ ಹೊತ್ತನ್ನೂ ಈ ದವಾಖಾನೆಯನ್ನೂ ತಾವೇ ಆರಿಸಿದ್ದರು. ಹೊರಗಿನ ಬೆಂಚಿನಲ್ಲಿ ಬೇರೆ ರೋಗಿಗಳಿರಲಿಲ್ಲ. ಡಾಕ್ಟರ ಬಿಳಿ ಕೋಟಿನ ಇಸ್ತ್ರಿ ಇನ್ನೂ ಮುರಿದಿರಲಿಲ್ಲ.

"ಮನೇಲಿ ಯಜಮಾನರು ಏನ್ಮಾಡ್ತಾರೆ?"

"ಡಾಕ್ಟರು."

"ಓಹೋ! ಹಾಗಿದ್ರೆ ಇಲ್ಲಿಗ್ಯಾಕೆ ಬಂದ್ರಿ?"

"ಅವರು ಮನೆಯವರನ್ನ ನೋಡಲ್ಲ. ಹೊರಗಿನವರನ್ನೇ ನೋಡೋದು."

"ಎಲ್ಲ ಡಾಕ್ಟರೂ ಅಷ್ಟೇ," ಎಂದು ಡಾಕ್ಟರು ನಾಡಿ ಹಿಡಿದರು. "ಈಗ ಹೇಳಿ, ಏನು ತೊಂದರೆ?"

"ದುಡ್ಡಿನ ವಿಷಯಕ್ಕೆ ಬಂದ್ರೆ ತಲೆ ಓಡಲ್ಲ, ಡಾಕ್ಟರೇ. ಮೊನ್ನೆ ಒಬ್ಬ ಫೋನ್ ಮಾಡಿದ್ದ. ತಿಂಗಳೊಳಗೆ ದುಡ್ಡು ದುಪ್ಪಟ್ಟು ಮಾಡಿಕೊಡ್ತಾನಂತೆ. ಕೊಟ್ಟುಬಿಡೋಣ ಅಂತಿದೀನಿ."

ಅಧಿಕಾರಿಣಿಯ ಲೇಖನಿ ಸರಸರನೆ ಓಡಿತು. "ಕೊಟ್ಟರೇನು ತಪ್ಪು, ಡಾಕ್ಟರೇ?" ಎಂದರು ಆಕೆ, ಏನೂ ಅರಿಯದವರ ಹಾಗೆ.

"ತಪ್ಪಾ? ತಿಂಗಳೊಳಗೆ ದುಪ್ಪಟ್ಟಾಗೋದು ಗಡ್ಡೆ ಕಣ್ರೀ, ದುಡ್ಡಲ್ಲ! ಅಂಥವನು ಬಡ್ಡಿ ಕೊಡಲ್ಲ, ಅಸಲನ್ನೇ ನುಂಗ್ತಾನೆ."

ಮೈದುನ ನಗಬೇಕಾದ ಜಾಗವಿದು. ಅವನ ಮುಖ ಯಾಕೋ ಸಪ್ಪಗಾಯಿತು.

ಟೀಚರಮ್ಮ ಸೆರಗು ಸರಿಮಾಡಿಕೊಂಡರು. ಮುಂದಿನ ಮಾತನ್ನು ಅಳೆದು ತೂಗಿ ಆಡಿದರು.

"ಇನ್ನೊಂದು ಯೋಚನೆ ಇದೆ. ಖಾಲಿ ಚೆಕ್ಕಿಗೆಲ್ಲ ಸಹಿ ಹಾಕಿ ಮೈದುನನ ಕೈಗೆ ಕೊಟ್ಟುಬಿಟ್ರೆ ನಿಶ್ಚಿಂತೆ ಅಲ್ವಾ? ಮನೆಯವನೇ ತಾನೇ."

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲೆ ಕುಕ್ಕಿದರು. "ಖಾಲಿ ಔಷಧಿ ಚೀಟಿಗೆ ಸಹಿ ಹಾಕಿ ಕಾಂಪೌಂಡರ್ ಕೈಗೆ ಕೊಟ್ಟ ಡಾಕ್ಟರು ಜೈಲಿಗೆ ಹೋಗ್ತಾನಮ್ಮಾ. ನೀವು ಬೀದಿಗೆ ಹೋಗ್ತೀರಿ. ಮೊತ್ತ ಬರೀರಿ, ಹೆಸರು ಬರೀರಿ, ಆಮೇಲೆ ಸಹಿ. ಮನೆಯವನಂತೆ ಮನೆಯವನು! ಹೊರಗಿನ ಕಳ್ಳನಿಗೆ ಬೀಗ ಇದೆ, ಒಳಗಿನ ಕಳ್ಳನಿಗೆ ಏನಿದೆ?"

ಮೈದುನ ಕೆಮ್ಮಿದ.

"ಕೆಮ್ಮು ಎಷ್ಟು ದಿನದಿಂದ?" ಎಂದರು ಡಾಕ್ಟರು, ತಿರುಗಿಯೂ ನೋಡದೆ.

ಟೀಚರಮ್ಮ ನಿಲ್ಲಿಸಲಿಲ್ಲ. "ಹೋದ ತಿಂಗಳು ಪಿಂಚಣಿಗಿಂತ ಖರ್ಚು ಒಂದಿಷ್ಟು ಹೆಚ್ಚಾಯ್ತು. ಮನೆ ಮಾರಿಬಿಟ್ರೆ ಹೇಗೆ?"

"ನೆಗಡಿ ಬಂತು ಅಂತ ಮೂಗು ಕೊಯ್ಕೋತೀರಾ? ಒಂದು ತಿಂಗಳ ಕೊರತೆಗೆ ಮುಂದಿನ ತಿಂಗಳು ಕೈ ಬಿಗಿ ಮಾಡ್ಬೇಕು. ಮನೆ ಮಾರಿದ್ರೆ ಆಮೇಲೆ ಬಾಡಿಗೆ ಯಾರಪ್ಪ ಕಟ್ತಾನೆ?"

ಅಧಿಕಾರಿಣಿ ಒಂದು ಗೆರೆ ಎಳೆದರು. ಗಟ್ಟಿಯಾಗಿಯೇ ಎಳೆದರು. ಡಾಕ್ಟರಿಗೆ ಮಾತ್ರ ಸಮಾಧಾನವಾಗಿರಲಿಲ್ಲ. ರೋಗ ಬೇರು ಬಿಟ್ಟಿದೆಯೆಂಬ ಗುಮಾನಿ ಅವರಿಗೆ.

"ಲೆಕ್ಕ ಹೇಳಿ ನೋಡೋಣ. ಐನೂರರ ನೋಟು ಕೊಟ್ರಿ. ಔಷಧಿಗೆ ಮುನ್ನೂರ ಎಪ್ಪತ್ತು. ಚಿಲ್ಲರೆ ಎಷ್ಟು ಬರ್ಬೇಕು?"

"ಇನ್ನೂರ ಮೂವತ್ತು," ಎಂದರು ಟೀಚರಮ್ಮ, ಕಣ್ಣು ಮಿಟುಕಿಸದೆ.

"ನೂರ ಮೂವತ್ತು!" ಡಾಕ್ಟರು ಹಣೆ ಚಚ್ಚಿಕೊಂಡರು. "ಅಂಗಡಿಯವನು ಬಡವಾಗಿಹೋದ!"

ಮೈದುನನಿಗೆ ಇನ್ನು ತಡೆಯಲಾಗಲಿಲ್ಲ. "ಮೇಡಂ, ಅತ್ತಿಗೆ ಬೇಕಂತ್ಲೇ ತಪ್ಪು ಹೇಳ್ತಿದಾರೆ! ಮೂವತ್ತು ವರ್ಷ ಶಾಲೇಲಿ ಲೆಕ್ಕ ಹೇಳ್ಕೊಟ್ಟೋರು ಇವರು. ಕಳೆಯೋ ಲೆಕ್ಕ ಬರಲ್ವಾ ಇವರಿಗೆ?"

ಅರ್ಜಿದಾರನೇ ಮುಂದೆ ಬಂದು ಅತ್ತಿಗೆಯ ಬುದ್ಧಿಗೆ ಸಾಕ್ಷಿ ನುಡಿದದ್ದನ್ನು ಯಾವ ನ್ಯಾಯಾಲಯವೂ ಕಂಡಿರಲಾರದು.

"ಯಾರ್ರೀ ಅದು, ಸರದಿ ಬಿಟ್ಟು ಒಳಗೆ ಬಂದಿರೋದು?" ಡಾಕ್ಟರು ಗದರಿದರು. "ಹೊರಗೆ ಕೂತ್ಕೊಳ್ಳಿ!"

ಮೈದುನ ಹೊರಗೆ ಕೂತ. ಡಾಕ್ಟರು ಚೀಟಿ ಎಳೆದುಕೊಂಡು ಗಂಭೀರವಾಗಿ ಬರೆದರು: ಮಗ್ಗಿ, ದಿನಕ್ಕೆರಡು ಸಲ, ಊಟದ ನಂತರ. ಟೀಚರಮ್ಮ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಮೂಲೆಯ ಕಡೆ ನೋಡಿದರು.

ಅಧಿಕಾರಿಣಿ ಕಡತ ಮುಚ್ಚಿದರು. ಬಿಳಿ ಕೋಟಿನ ಡಾಕ್ಟರತ್ತ ಒಮ್ಮೆ ಕಣ್ಣು ಹಾಯಿಸಿ, ತಗ್ಗಿದ ದನಿಯಲ್ಲಿ ಹೇಳಿದರು: "ನಾಲ್ಕನೇ ತಪ್ಪು ಬೇಕಾಗಿರಲಿಲ್ಲ, ಟೀಚರಮ್ಮ. ಮೂರನೇದಕ್ಕೇ ನಿಮ್ಮ ಯಜಮಾನರು ಪಾಸಾಗಿದ್ದರು."