ಮುದಕವ್ವನ ಜಾಗ

"ಆಯಿ, ಇದು ನಿಮ್ಮ ಜಾಗಾ. ಎಲ್ಲಾರ್ಕಿಂತ ದೊಡ್ಡದೈತಿ," ಎಂದ ಮಲಕಾಜಪ್ಪ, ಹೊಲದಲ್ಲಿ ಎಳೆದಿದ್ದ ಸುಣ್ಣದ ಗೆರೆಗಳನ್ನು ಮುದಕವ್ವನಿಗೆ ತೋರಿಸಿ. ಪ್ಲೇಗಿಗೆ ಹೆದರಿ ಮನೆ ಬಿಟ್ಟು ಹೊಲದ ಗುಡಿಸಲು ಸೇರಿದ್ದ ಊರನ್ನು ದೊಡವಾಡದ ದಾರಿಯ ಬದಿಗೆ ಹೊಸದಾಗಿ ಕಟ್ಟಿಸಲು ಮಲಕಾಜಪ್ಪನೂ ಸೇರಿ ಐವರ ಕಮಿಟಿಯೊಂದು ಟೊಂಕ ಕಟ್ಟಿತ್ತು. ಮಂದಿ ಬೆಳೆದರೂ ಹೊಸ ಊರಿನ ಜಾಗ ಐವತ್ತು ವರ್ಷಕ್ಕೆ ಸಾಲಬೇಕೆಂಬುದು ಅವರ ಹಟ.

ಅವನು ಪಟ್ಟಿಯಿಂದ ಕಣ್ಣೆತ್ತದೆ ಓದಿದ. "ನಿಮ್ಮ ಮನ್ಯಾಗ ಎಂಟು ಮಂದಿ. ಮೊಮ್ಮಕ್ಕಳ ಲಗ್ನ ಆದ ಮ್ಯಾಲ ಬ್ಯಾರೆ ಇರಾಕ ಹಿಂದ ಜಾಗಾ ಬಿಟ್ಟೇವ್ರಿ."

ಅದು ಊರಿನ ಹಳೆಯ ಮನೆಪಟ್ಟಿ; ಬರೆದದ್ದು ದೀಪಾವಳಿಗೆ, ಪ್ಲೇಗು ಬರುವ ಮೊದಲು. ಈಗ ಹೋಳಿ ಹುಣ್ಣಿಮೆ. ಎಂಟು ಮಂದಿಯಲ್ಲಿ ಉಳಿದವಳು ಮುದಕವ್ವ ಒಬ್ಬಳೇ. ಸತ್ತವರ ಹೆಸರು ಹೊಡೆದುಹಾಕಲು ಕಮಿಟಿಯಲ್ಲಿ ಯಾರಿಗೂ ಕೈ ಏಳಲಿಲ್ಲ.

ಮುದಕವ್ವ ಗೆರೆಯೊಳಗೆ ಹೋಗಿ, ಸೆರಗು ಸರಿಮಾಡಿಕೊಂಡು, ಮಣ್ಣಿನ ಮೇಲೆ ಉದ್ದಕ್ಕೆ ಮಲಗಿದಳು. ಆಮೇಲೆ ಎದ್ದು ತಲೆಯಿದ್ದಲ್ಲಿ ಒಂದು ಕಲ್ಲು, ಕಾಲಿದ್ದಲ್ಲಿ ಒಂದು ಕಲ್ಲು ಇಟ್ಟಳು.

"ನನಗ ಇಷ್ಟ ಸಾಕು, ತಮ್ಮಾ. ಉಳದದ್ದು ಮಂದಿ ಇದ್ದವರಿಗೆ ಕೊಡ್ರಿ."

ಮಲಕಾಜಪ್ಪ ಹಾಳೆ ತಿರುವಿದ. ಪಟ್ಟಿಯಲ್ಲಿ ಅವನು ಓದಬೇಕಾದ ಮನೆಗಳು ಇನ್ನೂ ಮೂವತ್ತೊಂಬತ್ತು ಇದ್ದವು.