ಹೊಕ್ಕಿನ ಎಳೆ

"ಇದು ಕೈನೂಲಲ್ಲ ಬೀಗರೇ, ಮಿಲ್ ನೂಲು. ನೀವು ತೆಗೆದ ನೂಲು ಯಾರೋ ಮಡಿಕ್ಕಂಡು, ಮಿಲ್ ನೂಲಲ್ಲಿ ನೇಯ್ದು ಕೊಟ್ಟವ್ರೆ," ಎಂದು ಚಿಕ್ಕಬಸಪ್ಪ ಶಲ್ಯವನ್ನು ಇನ್ನೊಮ್ಮೆ ಹೆಬ್ಬೆರಳಲ್ಲಿ ಉಜ್ಜಿ ತಟ್ಟೆಗೆ ಹಾಕಿದರು. ಅವರು ಗಂಡಿನ ಚಿಕ್ಕಪ್ಪ. ತಿ. ನರಸೀಪುರದಲ್ಲಿ ಮೂವತ್ತು ವರ್ಷದಿಂದ ಜವಳಿ ಅಂಗಡಿ. ಬಟ್ಟೆಯ ವಿಷಯದಲ್ಲಿ ಅವರ ಹೆಬ್ಬೆರಳು ಹೇಳಿದ ಮೇಲೆ ಆ ಮನೆಯಲ್ಲಿ ಯಾರೂ ಎದುರು ಮಾತಾಡುವುದಿಲ್ಲ.

ಛತ್ರದ ಕೋಣೆಯಲ್ಲಿದ್ದವರೆಲ್ಲ ಹೆಣ್ಣಿನ ತಾಯಿಯತ್ತ ತಿರುಗಿದರು. ಧಾರೆಗೆ ಮುಕ್ಕಾಲು ಗಂಟೆಯಿತ್ತು. ಹೆಣ್ಣಿನ ತಾಯಿ ರುದ್ರಾಣಿ ಬದನವಾಳಿನ ಖಾದಿ ಕೇಂದ್ರದಲ್ಲಿ ಇಪ್ಪತ್ತೆಂಟು ವರ್ಷ ಚರಕದ ಮುಂದೆ ಕೂತವಳು. ಅವಳು ತೆಗೆದ ನೂಲು ಯಾವ ಊರಿನ ಯಾರ ಮೈಮೇಲೆ ಹೋಯಿತೋ ಅವಳಿಗೆ ಗೊತ್ತಿಲ್ಲ. ಅಳಿಯನ ಹೆಗಲ ಮೇಲಾದರೂ ಇದು ನನ್ನದು ಎನ್ನುವಂಥದ್ದೊಂದು ಇರಲಿ, ಧಾರೆಗೆ ನಮ್ಮ ಶಲ್ಯವನ್ನೇ ಹೊದಿಸಿ ಎಂದು ಬಾಯಿಬಿಟ್ಟು ಕೇಳಿದ್ದಳು. ಗಂಡಿನ ಕಡೆಯವರೂ ಒಪ್ಪಿದ್ದರು. ಈಗ ಚಿಕ್ಕಬಸಪ್ಪನವರ ಚೀಲದಿಂದ ಜರಿಯಂಚಿನ ರೇಷ್ಮೆ ಶಲ್ಯ ಅರ್ಧ ಹೊರಗೆ ಬಂದಿತ್ತು.

"ನಾನೂ ನಮ್ ಕೇಂದ್ರದ ವನಿತಾನೂ ಕೂತು ತೆಗೆದ ನೂಲು ಬೀಗರೇ. ನಮ್ ಮಗ್ಗದಲ್ಲೇ ನೇಯ್ದಿರೋದು."

"ನಿಮ್ಮನ್ನ ಸುಳ್ಳುಗಾತಿ ಅಂತಿಲ್ಲ ತಾಯಿ. ಎಷ್ಟು ಸಮ ಐತೆ ನೋಡಿ. ಮನುಷ್ಯರ ಕೈಯಲ್ಲಿ ಇಂಗೆ ಬರಕಿಲ್ಲ."

ಹೊಗಳಿಕೆಯೇ ಬೈಗುಳವಾಗಿ ಬಂದಿತ್ತು. ರುದ್ರಾಣಿಯ ಮುಖ ಸಣ್ಣದಾಯಿತು. ಒಂದಿಷ್ಟು ಕೆಟ್ಟದಾಗಿ ನೂತಿದ್ದರೆ ಮರ್ಯಾದೆ ಉಳಿಯುತ್ತಿತ್ತೇನೋ ಎಂದು ಅವಳಿಗೆ ಅನ್ನಿಸಿಬಿಟ್ಟಿತು.

ಕಿಟಕಿಯ ಬಳಿ ನಂಜನಗೂಡಿನ ಫೋಟೋಗ್ರಾಫರ್ ನಂಜೇಶ್ ಮತ್ತು ಅವನ ಹೆಂಡತಿ ಬಿಂದುಶ್ರೀ ತಮ್ಮದೇ ಇನ್ನೊಂದು ಜಗಳದಲ್ಲಿದ್ದರು. ಆಲ್ಬಮ್ ಮಾಡುವವಳು ಬಿಂದುಶ್ರೀ. ಅವಳು ಮೈಸೂರಿನ ಪರಿಚಯದವರಿಂದ ಒಂದು ದಿನದ ಮಟ್ಟಿಗೆ ಮ್ಯಾಕ್ರೋ ಲೆನ್ಸ್ ತಂದಿದ್ದಳು. ಸಾಸಿವೆಯಷ್ಟಿರುವುದನ್ನು ಕುಂಬಳಕಾಯಿಯಷ್ಟು ತೋರಿಸುವ ಲೆನ್ಸ್ ಅದು. ಹಿಡಿಸಿದರೆ ಅಂಥದ್ದೊಂದು ಕೊಳ್ಳುವುದು, ಇಲ್ಲದಿದ್ದರೆ ಸಂಜೆ ವಾಪಸ್. ನಂಜೇಶ್ ಬೆಳಿಗ್ಗೆಯೇ ತೀರ್ಮಾನ ಹೇಳಿ ಮುಗಿಸಿದ್ದ. "ಹದಿನೆಂಟು ವರ್ಷ ಇದಿಲ್ದೇ ಮದುವೆ ತೆಗ್ದಿದೀನಿ. ಗಂಡು ಹೆಣ್ಣಿನ ಮುಖ ಬಂದ್ರೆ ಸಾಕು. ನೊಣದ ಕಣ್ಣು ತೆಗೆಯೋಕೆ ನಾವೇನು ಕಾಡಿಗೆ ಹೋಗ್ತೀವಾ?" ತಾಳಿಗೆ ಹಿಡಿದು ನೋಡಿದ್ದೂ ಆಗಿತ್ತು. ಒಂದು ಗುಂಡು ಸ್ಪಷ್ಟ, ಮಿಕ್ಕಿದ್ದೆಲ್ಲ ಮಸುಕು. ಅವನಿಗೆ ಅಷ್ಟೇ ಬೇಕಿತ್ತು.

"ರೀ, ಆ ಲೆನ್ಸ್ ಹಾಕಿ," ಎಂದಳು ಬಿಂದುಶ್ರೀ, ರುದ್ರಾಣಿಯ ಮುಖ ನೋಡುತ್ತಾ. "ಶಲ್ಯ ತೆಗೀರಿ."

ನಂಜೇಶ್ ಗೊಣಗಲಿಲ್ಲ. ಅವನೂ ಆ ಮುಖ ನೋಡಿದ್ದ. ಶಲ್ಯದ ಅಂಚನ್ನು ಕಿಟಕಿಯ ಕಟ್ಟೆಯ ಮೇಲೆ ಬಿಗಿಯಾಗಿ ಹಾಸಿ, ಉಸಿರು ಹಿಡಿದು ಬಗ್ಗಿದ. ಮೂರು ಫೋಟೋ ಕೆಟ್ಟವು. ನಾಲ್ಕನೆಯದು ಬಂತು. "ಯಜಮಾನ್ರೇ, ನಿಮ್ ಕೈ ಒಸಿ ಕೊಡಿ," ಎಂದು ಚಿಕ್ಕಬಸಪ್ಪನವರ ಗರಿಗರಿ ಶರ್ಟಿನ ತೋಳಿನ ಅಂಚನ್ನೂ ಒಂದು ತೆಗೆದ.

ಬಿಂದುಶ್ರೀ ಎರಡನ್ನೂ ಲ್ಯಾಪ್‌ಟಾಪಿನಲ್ಲಿ ಪಕ್ಕಪಕ್ಕ ಇಟ್ಟಳು. ಮಿಲ್ ಬಟ್ಟೆಯ ಶರ್ಟಿನ ಎಳೆಗಳು ಎಲ್ಲವೂ ಒಂದೇ ಅಳತೆ. ಶಲ್ಯದ ಎಳೆ ಹಗ್ಗದಂತೆ ದಪ್ಪಗೆ ಕಂಡಿತು. ಒಂದು ಕಡೆ ಕೂದಲೆಳೆಯಷ್ಟು ಉಬ್ಬಿ, ಇನ್ನೊಂದು ಕಡೆ ಅಷ್ಟೇ ಸೊರಗಿ, ಮೈತುಂಬ ನವಿರು ಎದ್ದು ನಿಂತಿತ್ತು. ರುದ್ರಾಣಿ ಕನ್ನಡಕ ಹಾಕಿಕೊಂಡು ಮುಂದೆ ಬಂದಳು.

"ಈ ಉದ್ದದ್ದು ಆಸು, ವನಿತಂದು. ಅವಳು ಹಾಕೋ ಹುರಿ ಬಿಗಿ. ಅಡ್ಡದ್ದು ಒಕ್ಕು, ನಂದು." ಪರದೆಯ ಮೇಲೆ ಅವಳ ಬೆರಳು ಸರಿಯುತ್ತಾ ಹೋಗಿ ಒಂದು ಕಡೆ ನಿಂತಿತು. "ಇಲ್ಲಿ ಎಳೆ ಕಡಿದಿತ್ತು, ಸೇರ್ಸಿದೀನಿ. ಇಷ್ಟು ವರ್ಷದಲ್ಲಿ ನಾನು ಸೇರ್ಸಿದ್ದು ಒಬ್ರ ಕಣ್ಗೂ ಬಿದ್ದಿರ್ನಿಲ್ಲ." ತಪ್ಪು ಸಿಕ್ಕಿಬಿತ್ತಲ್ಲ ಎಂಬ ಸಿಟ್ಟೂ ಅದರಲ್ಲಿತ್ತು, ಆದರೆ ತಲೆ ಮಾತ್ರ ನೆಟ್ಟಗಾಗಿತ್ತು.

ಚಿಕ್ಕಬಸಪ್ಪ ಪರದೆಗೆ ಬಗ್ಗಿ ಬಹಳ ಹೊತ್ತು ನೋಡಿದರು. ತಮ್ಮ ಹೆಬ್ಬೆರಳನ್ನೂ ಒಮ್ಮೆ ನೋಡಿಕೊಂಡರು. "ಮೂವತ್ತು ವರ್ಷ ಬಟ್ಟೆ ಅಳೆದೆ ತಾಯಿ, ಎಳೆ ನೋಡಿರ್ನಿಲ್ಲ. ತಪ್ಪಾಯ್ತು," ಎಂದು ರೇಷ್ಮೆಯನ್ನು ಚೀಲದೊಳಕ್ಕೆ ತುರುಕಿದರು. ಧಾರೆಯ ಹೊತ್ತಿಗೆ ಖಾದಿ ಶಲ್ಯವನ್ನು ಗಂಡಿಗೆ ಹೊದಿಸಿದ್ದು ಅವರೇ. ಹೊದಿಸಿ ಸುಮ್ಮನಿರದೆ, ಬಂದ ನೆಂಟರಿಗೆಲ್ಲ ಹಾಸು ಯಾವುದು, ಹೊಕ್ಕು ಯಾವುದು ಎಂದು ತಾವೇ ಹೇಳುತ್ತಾ ಕೂತರು.

ಊಟದ ಪಂಕ್ತಿಯಲ್ಲಿ ರುದ್ರಾಣಿ ಬಡಿಸುತ್ತಾ ಬಂದಾಗ ನಂಜೇಶ್ ಆ ಲೆನ್ಸನ್ನು ತೋರಿಸಿ ಕೇಳಿದ: "ಅವ್ವಾ, ನೀವೇ ಹೇಳಿ. ಮದುವೆ ಫೋಟೋ ತೆಗೆಯೋನಿಗೆ ಇದು ಬೇಕಾ?"

ರುದ್ರಾಣಿ ಅವನೆಲೆಗೆ ಕೇಳದೆಯೇ ಇನ್ನೊಂದು ಹೋಳಿಗೆ ಹಾಕಿದಳು.

"ನಿಂಗೆ ಬೇಕೋ ಬ್ಯಾಡ್ವೋ ನಂಗೇನು ಗೊತ್ತಪ್ಪ. ಕೈಯಲ್ಲಿ ಕೆಲ್ಸ ಮಾಡೋರ ಮನೆ ಮದ್ವೆಗೆ ಬರೋದಾದ್ರೆ ತಕ್ಕಂಡು ಬಾ."