ಅಂಗಿ ಝಾಡಿಸುವ ಜಾಗ

"ಅಂಗಿ ಇಲ್ಲೆ ಝಾಡಿಸಬ್ಯಾಡಪಾ ಲಾಡಸಾಬ. ಗಳಕ್ಕ ಮಡಿ ಸೀರಿ ಹಾಕೇನಿ. ನಿಮ್ಮ ಮನಿಗೆ ಹೋಗಿ ಝಾಡಿಸ್ಕೋ."

ತಾರಾಬಾಯಿ ಹೊಸ್ತಿಲೊಳಗೆ ನಿಂತೇ ಹೇಳಿದರು. ಲಾಡಸಾಬ ಹಿಡಿದ ಅಂಗಿಯ ಚುಂಗು ಬಿಟ್ಟು, "ಆತ್ರೀ ಬಾಯಾರ" ಎಂದ. ಲಕ್ಷ್ಮೇಶ್ವರದ ಆ ಮನೆಯ ಮಹಡಿಗೆ ಹೊರಮೈಯೆಲ್ಲ ಸಾಗವಾನಿ ಹಲಗೆ. ಅದರ ಮೇಲೆ ಐವತ್ತು ವರ್ಷದ ಹಸಿರು ಎಣ್ಣೆಬಣ್ಣ. ಅದನ್ನು ಕೆರೆದು ತೆಗೆಯಲು ಅವನು ಹಿಡಿದು ಎರಡು ತಿಂಗಳಾಗಿತ್ತು. ಬೇರೆ ಕಡೆಯಾದರೆ ಒಣ ಹಲಗೆಯನ್ನೇ ಉಸುಕಿನ ಕಾಗದದಿಂದ ತಿಕ್ಕಿ ಕೈತೊಳೆದುಕೊಳ್ಳುತ್ತಿದ್ದ. ಇಲ್ಲಿ ಆ ಆಟ ನಡೆಯುವಂತಿರಲಿಲ್ಲ. ಧೂಳು ಹಾರಿದರೆ ಮಡಿ ಕೆಟ್ಟಿತು. ಹಲಗೆಗೆ ನೀರು ಹೊಡೆದು ಕೆರೆಯಬೇಕು, ಕೆಳಗೆ ತೊಯ್ದ ಗೋಣಿತಟ್ಟು ಹಾಸಬೇಕು, ಬಿದ್ದ ಚಕ್ಕೆಯನ್ನೆಲ್ಲ ಬಳಿದು ಊರ ಹೊರಗೆ ಹುಗಿಯಬೇಕು. ಚಹಾ ಕೊಡುವಾಗಲೂ ತಾರಾಬಾಯಿ ಬಟ್ಟಲಿಗೆ ಮೇಲಿನಿಂದಲೇ ಸುರಿದು, "ದೂರ ನಿಂದ್ರಪಾ, ಮುಟ್ಟಬ್ಯಾಡ" ಎನ್ನುತ್ತಿದ್ದರು. ಕೆಟ್ಟ ಹೆಂಗಸಲ್ಲ, ಚಹಾಕ್ಕೆ ಹಾಲು ಸಕ್ಕರೆ ಧಾರಾಳ ಹಾಕುತ್ತಿದ್ದರು.

ಇದನ್ನು ಕೇಳಿದಾಗಲೆಲ್ಲ ಹೆಂಡತಿ ಗೌಸಬಿ ಉರಿದು ಬೀಳುತ್ತಿದ್ದಳು. "ನಮ್ಮನ್ನ ಮುಟ್ಟಿದ್ರ ಏನ ಹತ್ತತೈತಿ ಆಕಿಗೆ?"

ಲಾಡಸಾಬ ನಕ್ಕುಬಿಡುತ್ತಿದ್ದ. ಬಿಸಿಲಲ್ಲಿ ನಡೆದು ಮನೆ ಮುಟ್ಟುವಷ್ಟರಲ್ಲಿ ಅಂಗಿಗೆ ಮೆತ್ತಿದ ತೊಯ್ದ ಬಣ್ಣದ ಚೂರು ಒಣಗಿ ಪುಡಿಯಾಗಿರುತ್ತಿತ್ತು. ಬಾಗಿಲಲ್ಲಿ ಕಾದಿರುತ್ತಿದ್ದ ನಾಲ್ಕು ವರ್ಷದ ನಜಮಾ ಓಡಿ ಬಂದು ಅವನ ಎದೆಗೆ ಮುಖ ಒತ್ತುತ್ತಿದ್ದಳು. ಅವನು ಅಂಗಿ ಬಿಚ್ಚಿ ಝಾಡಿಸಿದರೆ, ಉದುರುವ ಹಸಿರು ಧೂಳಿನ ಕೆಳಗೆ ಬಾಯಿ ತೆರೆದು ಕುಣಿಯುತ್ತಿದ್ದಳು. ಮಗಳ ನಗು ನೋಡಲೆಂದೇ ಅವನು ಎರಡು ಸಲ ಹೆಚ್ಚಿಗೆ ಝಾಡಿಸುತ್ತಿದ್ದ.

ಆ ಬೇಸಿಗೆ ಮುಗಿಯುವ ಮೊದಲೇ ಅವಳಿಗೆ ಹೊಟ್ಟೆನೋವು ಹತ್ತಿತು. ಜಂತಿನ ಔಷಧ ಕುಡಿಸಿದರು, ತಾಯತ ಕಟ್ಟಿದರು. ಹುಡುಗಿ ಊಟ ಬಿಟ್ಟಳು, ಬಿಳುಚಿದಳು. ಒಂದು ಬೆಳಗ್ಗೆ ಕೈಕಾಲು ಸೆಟೆದು ಕಣ್ಣು ಮೇಲೆ ಮಾಡಿದಾಗ ಹುಬ್ಬಳ್ಳಿಯ ಬಸ್ಸು ಹಿಡಿದರು. ಅಲ್ಲಿಯ ಡಾಕ್ಟರು ಮಗುವಿನ ತುಟಿ ಎತ್ತಿ ಒಸಡಿನ ನೀಲಿ ಗೆರೆ ನೋಡಿದರು. ಆಮೇಲೆ ಅಪ್ಪನ ಉಗುರುಸಂದಿಯ ಹಸಿರು ಬಣ್ಣ ನೋಡಿದರು.

"ಹಳೇ ಬಣ್ಣದಾಗ ಸೀಸ ಇರತದ. ವಿಷ ಅದು. ಕೆರಿಯೂ ಮುಂದ ಧೂಳ ಏಳತದೇನು?"

"ಇಲ್ರೀ ಸಾಹೇಬ್ರ. ನೀರ ಹೊಡದು ಕೆರೀತೀನ್ರಿ, ಗ್ವಾಣಿ ಹಾಸ್ತೀನ್ರಿ. ಆ ಮನ್ಯಾಗ ಒಂದ ಕಣ ಹಾರಗೊಡೂದಿಲ್ರಿ."

"ಚೊಲೋ ಮಾಡೀರಿ. ಹಂಗ ಮಾಡಬೇಕು. ಮತ್ತ ಅಂಗಿ ಎಲ್ಲೆ ಝಾಡಿಸ್ತೀರಿ?"

ಲಾಡಸಾಬ ತನ್ನ ಅಂಗಿಯ ಕಡೆ ನೋಡಿಕೊಂಡ. ಪರರ ಮನೆಯ ಸೀರೆ ಕಾಯ್ದವನಿಗೆ ತನ್ನ ಮನೆಯ ಕೂಸನ್ನು ಕಾಯುವುದು ಹೊಳೆದಿರಲಿಲ್ಲ. ತನ್ನ ಎರಡೂ ಕೈಗಳನ್ನು ಅಲ್ಲೇ ಕತ್ತರಿಸಿ ಒಗೆಯಬೇಕು ಎನ್ನಿಸಿತು ಅವನಿಗೆ.

"ಜೀವಕ್ಕ ಭಯ ಇಲ್ಲ. ಆದರ ಮೊದಲಿನಂಗ ಆಗತಾಳಂತ ನಾ ಹೇಳೂದಿಲ್ಲ," ಎಂದರು ಡಾಕ್ಟರು. "ಇನ್ನ ಮ್ಯಾಲೆ ಆ ಪುಡಿ ಚೂರೂ ಮಗುವಿನ ಹೊಟ್ಟಿಗೆ ಹೋಗಬಾರದು."

ತಿಂಗಳ ಮೇಲೆ ನಜಮಾ ಮನೆಗೆ ಬಂದಳು. ಬಲಗಾಲು ಎಳೆಯುತ್ತಿತ್ತು, ಮಾತು ಕಡಿಮೆಯಾಗಿತ್ತು. ಲಾಡಸಾಬನಿಗೆ ಬೇರೆ ಕಸುಬು ಬರುತ್ತಿರಲಿಲ್ಲ. ಉಳಿದ ಹಲಗೆ ಕೆರೆಯಲು ಮತ್ತೆ ಹೋದ. ಮೊದಲ ದಿನ ಸಂಜೆ ತಿರುಗಿ ಬಂದಾಗ, ಅವನೇ ಹೇಳಿದಂತೆ ಅಂಗಳದ ತಟ್ಟಿಯ ಹಿಂದೆ ಗೌಸಬಿ ಎರಡು ಬಕೆಟ್ ನೀರು, ಬೇರೆ ಅಂಗಿ ಇಟ್ಟಿದ್ದಳು. ಹೊಸ್ತಿಲ ಮೇಲೆ ಕೂತಿದ್ದ ನಜಮಾ ಅಪ್ಪನನ್ನು ಕಂಡು ಗೋಡೆ ಹಿಡಿದು ಎದ್ದಳು. ಕಾಲೆಳೆಯುತ್ತ, ಎರಡೂ ಕೈ ಚಾಚಿ ಬಂದಳು.

ಅವನು ಹಿಂದೆ ಸರಿದ. "ದೂರ ನಿಂದ್ರು ಬೇಟಿ. ಮುಟ್ಟಬ್ಯಾಡ."

ಒಳಗೆ ಗೌಸಬಿಯ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ನಜಮಾ ನಿಂತಲ್ಲೇ ತನ್ನ ಅಂಗೈಗಳನ್ನು ನೋಡಿಕೊಂಡಳು. ತಿರುವಿ ನೋಡಿದಳು. ಲಂಗಕ್ಕೆ ಗಸಗಸ ಉಜ್ಜಿ, ಮತ್ತೆ ಅಪ್ಪನ ಕಡೆ ಚಾಚಿದಳು.

"ಸ್ವಚ್ಛ ಅದಾವು, ಅಬ್ಬಾ."